‘ಓಕೆ’ ಎಲ್ಲಿಂದ ಬಂತು? ಬಾಸ್ಟನ್ ಪತ್ರಿಕೆಯಿಂದಲೋ, ಆಫ್ರಿಕಾದಿಂದಲೋ?

ವಸುಧಾ ಟೀಚರ್, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಪದಗಳ ಹುಟ್ಟಿನ ಬಗ್ಗೆ ಒಂದು ಪಾಠ ಮಾಡಬೇಕು ಅಂತಿದ್ದೇನೆ. ಮೊದಲ ಪದ ‘ಓಕೆ’. ಮಕ್ಕಳೇ ಆರಿಸಿಕೊಂಡಿದ್ದು. ಈ ಪದದ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಅದರಲ್ಲಿ ಒಂದರ ಕೆಳಗೊಂದು ಕಥೆ. ಅಮೆರಿಕದ ಅಂತರ್ಯುದ್ಧದಲ್ಲಿ ಯಾರೂ ಸಾಯದ ದಿನ ‘ಝೀರೋ ಕಿಲ್ಡ್’ (0 K) ಅಂತ ಬರೆದು ಹಾಕುತ್ತಿದ್ದರಂತೆ, ಅದೇ ಓಕೆ ಆಯಿತಂತೆ. ಸೈನಿಕರಿಗೆ ಕೊಡುತ್ತಿದ್ದ ಓರಿನ್ ಕೆಂಡಾಲ್ ಬಿಸ್ಕತ್ತಿನ ಮೇಲಿದ್ದ ಅಕ್ಷರಗಳಂತೆ. ಟೆಲಿಗ್ರಾಫ್‌ನವರ ಸಂಕೇತವಂತೆ. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಸ್ಪೆಲಿಂಗ್ ಬರುತ್ತಿರಲಿಲ್ಲವಂತೆ. ಗ್ರೀಕ್ ಅಂತೆ, ಅಮೆರಿಕದ ಮೂಲನಿವಾಸಿಗಳ ಚಾಕ್ಟಾ ಭಾಷೆಯದಂತೆ, ಆಫ್ರಿಕಾದ್ದಂತೆ.

ನಾನು ಓದಿಕೊಂಡಿರುವ ಪ್ರಕಾರ ಇದುವರೆಗೆ ಸಿಕ್ಕಿರುವ ಅತಿ ಹಳೆಯ ‘ಓ.ಕೆ.’ ಅಚ್ಚಾಗಿದ್ದು 1839ರ ಮಾರ್ಚ್ 23ರಂದು, ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ. ‘ಆಲ್ ಕರೆಕ್ಟ್’ ಅನ್ನುವುದನ್ನು ಬೇಕಂತಲೇ ‘ಓಲ್ ಕೊರೆಕ್ಟ್’ ಅಂತ ತಪ್ಪಾಗಿ ಬರೆದು, ಮೊದಲಕ್ಷರ ಮಾತ್ರ ಇಟ್ಟುಕೊಂಡ ತಮಾಷೆ ಅದು. ಇದನ್ನು ಪತ್ತೆ ಹಚ್ಚಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಆಲನ್ ವಾಕರ್ ರೀಡ್. 1963 ಮತ್ತು 1964ರಲ್ಲಿ ‘ಅಮೆರಿಕನ್ ಸ್ಪೀಚ್’ ಎಂಬ ಪತ್ರಿಕೆಯಲ್ಲಿ ಸಾಲಾಗಿ ಲೇಖನ ಬರೆದು ಪುರಾವೆ ಮುಂದಿಟ್ಟರು.

ಪಾಠದಲ್ಲಿ ಇಷ್ಟು ಹೇಳಿ ಮುಗಿಸಬಹುದಾ? ಉಳಿದ ಕಥೆಗಳನ್ನೆಲ್ಲ ಪಕ್ಕಕ್ಕಿಡಬಹುದಾ? ತಿಳಿದವರು ಹೇಳಿ.

ನಂಜುಂಡ, ನಂಜನಗೂಡು

ಮೇಡಂ, ಇದು ನಮ್ಮದೇ ಪದ ಯಾಕಾಗಿರಬಾರದು? ನಮ್ಮೂರಲ್ಲಿ ಯಾರಾದರೂ ಕೂಗಿದರೆ ‘ಓ’ ಅಂತೀವಿ. ಒಪ್ಪಿಕೊಂಡರೆ ‘ಹೂಂ ಕಣೋ’ ಅಂತೀವಿ. ಮಾವಿಗೆ ಇಂಗ್ಲಿಷಿನವರು ಹೇಳುವ ಹೆಸರು ನಮ್ಮ ಕಡೆಯಿಂದಲೇ ಹೋಗಿದ್ದಲ್ವಾ? ಹಾಗೇ ಇದೂ ಹೋಗಿರಬಹುದು.

ಚಾರ್ಲ್ಸ್ ನದಿ ದಂಡೆ, ಬಾಸ್ಟನ್

ನಂಜುಂಡ ಅವರೇ, ಮಾವಿನ ವಿಷಯದಲ್ಲಿ ದಾರಿ ಕಾಣಿಸುತ್ತದೆ. ಮಲಯಾಳ, ತಮಿಳಿನ ಮಾತು ಪೋರ್ಚುಗೀಸರ ಬಾಯಿಗೆ ಬಂತು, ‘ಮಾಂಗಾ’ ಆಯಿತು, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಹಣ್ಣಿನ ಜೊತೆಗೆ ಹೆಸರೂ ಹಡಗು ಹತ್ತಿತು. ‘ಹೂಂ ಕಣೋ’ ಬಾಸ್ಟನ್‌ಗೆ ಹೋದ ಹಡಗು ಯಾವುದು? ಉಚ್ಚಾರ ಒಂದೇ ಥರ ಕೇಳಿಸುತ್ತದೆ ಅನ್ನುವುದು ಸಾಕಾಗಲ್ಲ. ಎರಡು ಅಕ್ಷರದ ಪದಕ್ಕೆ ಯಾವ ಭಾಷೆಯಲ್ಲಿ ಹುಡುಕಿದರೂ ಒಂದು ಜೋಡಿ ಸಿಗುತ್ತದೆ.

ಮಂಗಳೂರು ನಾವಿಕ

ಜೋಡಿ ಸಿಗುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ. ಗ್ರೀಕರ ಹಡಗಿನಲ್ಲಿ ಕೆಲಸ ಮಾಡಿದ್ದೇನೆ. ಅವರು ‘ಓಲಾ ಕಾಲಾ’ ಅಂತಾರೆ. ಅರ್ಥ, ಎಲ್ಲಾ ಚೆನ್ನಾಗಿದೆ. ಎಂಜಿನ್ ರೂಮಿನಲ್ಲಿ ಗೇಜು ನೋಡಿ ಮೇಲಕ್ಕೆ ಹೇಳುವ ಮಾತೂ ಅದೇ, ಊಟ ಆದಮೇಲೆ ಅಡುಗೆಯವನಿಗೆ ಹೇಳುವ ಮಾತೂ ಅದೇ. ಮೊದಲಕ್ಷರ ತಗೊಂಡರೆ ಓ, ಕೆ. ಅರ್ಥವೂ ಹೊಂದುತ್ತದೆ, ಅಕ್ಷರವೂ ಹೊಂದುತ್ತದೆ. ಇದಕ್ಕಿಂತ ಇನ್ನೇನು ಬೇಕು? ನನ್ನ ಜೊತೆಗಿದ್ದ ಗ್ರೀಕರೆಲ್ಲ ಇದು ತಮ್ಮದೇ ಪದ ಅಂತ ನಂಬಿದ್ದಾರೆ.

ಚಾರ್ಲ್ಸ್ ನದಿ ದಂಡೆ, ಬಾಸ್ಟನ್

ಇದಕ್ಕಿಂತ ಬೇಕಾಗಿರುವುದು ಒಂದು ಕಾಗದ ಸರ್. ಬಾಸ್ಟನ್ ಪತ್ರಿಕೆಗಿಂತ ಮುಂಚೆ ಯಾವನಾದರೂ ನಾವಿಕ, ಯಾವುದಾದರೂ ಹಡಗಿನ ದಿನಚರಿ ಪುಸ್ತಕದಲ್ಲಿ ‘ಓಲಾ ಕಾಲಾ’ದ ಬದಲು ಎರಡಕ್ಷರ ಬರೆದಿದ್ದು ಸಿಗಬೇಕು. ಅಂಥದ್ದು ಯಾರೂ ತೋರಿಸಿಲ್ಲ. ಗ್ರೀಕರಿಗೆ ಈ ಪದ ಇಷ್ಟು ಸಲೀಸಾಗಿ ಹಿಡಿಸಿದ್ದು ಯಾಕೆ ಅನ್ನುವುದಕ್ಕೆ ‘ಓಲಾ ಕಾಲಾ’ ಒಳ್ಳೆಯ ಕಾರಣ. ಹುಟ್ಟಿಗೆ ಕಾರಣ ಅಲ್ಲ.

ರಾಮಣ್ಣ, ನಿವೃತ್ತ ಗಾರ್ಡ್, ಹುಬ್ಬಳ್ಳಿ

ಟೆಲಿಗ್ರಾಫ್ ಕಥೆಯ ಬಗ್ಗೆ ನಾನು ಹೇಳುತ್ತೇನೆ. ಮೋರ್ಸ್ ಸಾಹೇಬರು ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಮೊದಲ ತಂತಿ ಸಂದೇಶ ಕಳಿಸಿದ್ದು 1844ರ ಮೇ 24ಕ್ಕೆ. ಟೀಚರ್ ಹೇಳಿದ ಪತ್ರಿಕೆ 1839ರದ್ದು. ತಂತಿಗಿಂತ ಪದವೇ ಐದು ವರ್ಷ ಹಿರಿದು. ಅಲ್ಲಿಗೆ ಆ ಕಥೆ ಮುಗಿಯಿತು. ಬಿಸ್ಕತ್ತಿನ ಕಥೆ, ‘ಝೀರೋ ಕಿಲ್ಡ್’ ಕಥೆ ಇನ್ನೂ ಈಚಿನವು. ಅಂತರ್ಯುದ್ಧ ಶುರುವಾಗಿದ್ದೇ 1861ರಲ್ಲಿ. ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಆದರೆ ಹರಡಿದ್ದು ಮಾತ್ರ ತಂತಿಯವರಿಂದ, ರೈಲಿನವರಿಂದಲೇ. ಸಂದೇಶ ಮುಟ್ಟಿತು, ಸರಿಯಾಗಿದೆ ಅಂತ ಹೇಳಲು ಅಮೆರಿಕದ ಆಪರೇಟರುಗಳಿಗೆ ಎರಡೇ ಅಕ್ಷರ ತಟ್ಟಿದರೆ ಸಾಕಿತ್ತು. ಉದ್ದ ಬರೆದರೆ ಕೈ ನೋವು, ಹೊತ್ತೂ ದಂಡ.

ನಮ್ಮ ಕಡೆ ರೈಲಿನಲ್ಲಿ ಈ ಪದ ಇರಲಿಲ್ಲ ನೋಡ್ರಿ. ನಮ್ಮದು ಬ್ರಿಟಿಷರ ಪದ್ಧತಿ. ಅಲ್ಲಿ ‘ಆಲ್ ರೈಟ್’. ನಿಲ್ಲದೆ ಹೋಗುವ ಗಾಡಿಗೆ ಸ್ಟೇಷನ್ ಮಾಸ್ಟರು ಹಸಿರು ಬಾವುಟ ಹಿಡಿದು ನಿಂತಿರುತ್ತಾರೆ. ಗಾಡಿಯ ಕಡೆಯ ಡಬ್ಬಿಯಿಂದ ನಾನು ಬಾವುಟ ತೋರಿಸಬೇಕು. ಅದಕ್ಕೆ ‘ಆಲ್ ರೈಟ್ ಸಿಗ್ನಲ್’ ಅಂತಲೇ ಹೆಸರು. ಚಕ್ರದಲ್ಲಿ ಬೆಂಕಿ, ಹೊಗೆ, ಜೋತಾಡುವ ಕಬ್ಬಿಣ ಏನಾದರೂ ಕಂಡರೆ ಅವರು ಕೆಂಪು ತೋರಿಸುತ್ತಾರೆ. ಬಸ್ಸಿನಲ್ಲೂ ಅದೇ. ಕಂಡಕ್ಟರು ‘ರೈಟ್ ರೈಟ್’ ಅಂತಾರೆ, ನಿಲ್ಲಿಸಬೇಕಾದರೆ ‘ಹೋಲ್ಡಾನ್’. ‘ಓಕೆ ಓಕೆ’ ಅಂತ ಬಸ್ಸು ಬಿಡಿಸಿದ ಕಂಡಕ್ಟರನ್ನು ನಾನು ಕಂಡಿಲ್ಲ.

ವಸುಧಾ ಟೀಚರ್, ಶಿವಮೊಗ್ಗ

ರಾಮಣ್ಣ ಸರ್, ಇದು ಪಾಠಕ್ಕೆ ಬಹಳ ಉಪಯೋಗ ಆಗುತ್ತದೆ. ಮಕ್ಕಳಿಗೆ ಬಸ್ಸಿನ ‘ರೈಟ್’ ಗೊತ್ತು, ಅದು ಎಲ್ಲಿಂದ ಬಂತು ಅಂತ ಗೊತ್ತಿಲ್ಲ.

ಬಾಸ್ಟನ್‌ನವರೇ, ಆ ಪತ್ರಿಕೆಯಲ್ಲಿ ನಿಜವಾಗಿ ಏನಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ? ‘ತಮಾಷೆ’ ಅಂದರೆ ಮಕ್ಕಳಿಗೆ ಸಾಕಾಗುವುದಿಲ್ಲ. ಎಲ್ಲಿ ನಗಬೇಕು ಅಂತ ಕೇಳುತ್ತಾರೆ.

ಚಾರ್ಲ್ಸ್ ನದಿ ದಂಡೆ, ಬಾಸ್ಟನ್

ಖಂಡಿತ ಟೀಚರ್. ನನಗೆ ತುಂಬಾ ಇಷ್ಟದ ಭಾಗ ಇದು.

ಆಗ ಬಾಸ್ಟನ್ ನಗರಸಭೆ ಊಟದ ಗಂಟೆ ಬಾರಿಸಬಾರದು ಅಂತ ಒಂದು ನಿಯಮ ಮಾಡಿತ್ತು. ಅದನ್ನು ಹಿಡಿದುಕೊಂಡು ಕೆಲವರು ತಮಾಷೆಗೆ ‘ಗಂಟೆ ಬಾರಿಸುವುದರ ವಿರೋಧಿ ಸಂಘ’ ಅಂತ ಒಂದು ಸಂಘ ಕಟ್ಟಿದ್ದರು. ಹೆಸರು ಹಾಗಿದ್ದರೂ ಅವರ ತಕರಾರು ಇದ್ದದ್ದು ಆ ನಿಯಮದ ಮೇಲೆ. ಆ ಸಂಘದ ಕೆಲವರು ನ್ಯೂಯಾರ್ಕ್‌ಗೆ ಹೊರಟಿದ್ದರು. ಅದರ ಬಗ್ಗೆ ಪ್ರಾವಿಡೆನ್ಸ್ ಊರಿನ ‘ಜರ್ನಲ್’ ಪತ್ರಿಕೆ ಏನೋ ಬರೆಯಿತು. ಅದಕ್ಕೆ ‘ಮಾರ್ನಿಂಗ್ ಪೋಸ್ಟ್’ ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್ ಉತ್ತರ ಕೊಟ್ಟ. ಅವರು ವಾಪಸ್ ಬರುವಾಗ ಪ್ರಾವಿಡೆನ್ಸ್ ಮೇಲೆ ಬಂದರೆ, ಆ ‘ಜರ್ನಲ್’ನವನೂ ಅವನ ಕಡೆಯವರೂ ಎಲ್ಲವನ್ನೂ ‘ಓ.ಕೆ. — ಆಲ್ ಕರೆಕ್ಟ್’ ಆಗಿ ಸಜ್ಜು ಮಾಡಿಟ್ಟು ಬಾಟಲಿಗಳ ಬಿರಡೆ ಹಾರಿಸಬಹುದು, ಅನ್ನುವ ಅರ್ಥದ ಮಾತು. ಒಂದು ಪತ್ರಿಕೆಯವನು ಇನ್ನೊಂದು ಪತ್ರಿಕೆಯವನ ಕಾಲೆಳೆದಿದ್ದು, ಅಷ್ಟೇ.

ಎಲ್ಲಿ ನಗಬೇಕು? ಅರ್ಥ ‘ಎಲ್ಲಾ ಸರಿ’. ಆದರೆ ಬರೆದಿರುವ ಎರಡು ಅಕ್ಷರದಲ್ಲಿ ಒಂದೂ ಸರಿಯಿಲ್ಲ. ‘ಆಲ್’ ಶುರುವಾಗುವುದು ಓ ಅಕ್ಷರದಿಂದ ಅಲ್ಲ, ‘ಕರೆಕ್ಟ್’ ಶುರುವಾಗುವುದು ಕೆ ಅಕ್ಷರದಿಂದ ಅಲ್ಲ. ಆ ವರ್ಷ ಬಾಸ್ಟನ್ ಪತ್ರಿಕೆಗಳಿಗೆ ಈ ಥರದ ಮೊದಲಕ್ಷರದ ಹುಚ್ಚು ಹಿಡಿದಿತ್ತು. ‘ಆಲ್ ರೈಟ್’ ಅನ್ನುವುದನ್ನು ‘ಓಲ್ ವ್ರೈಟ್’ ಮಾಡಿ ‘ಓ.ಡಬ್ಲ್ಯು.’ ಅಂತ ಬರೆದರು. ‘ನೋ’ವನ್ನು ಕೆ ಅಕ್ಷರದಿಂದ ಶುರುವಾಗುವ ‘know’ ಮಾಡಿ, ‘ನೋ ಗೋ’ ಅನ್ನುವುದಕ್ಕೆ ‘ಕೆ.ಜಿ.’, ‘ನೋ ಯೂಸ್’ ಅನ್ನುವುದಕ್ಕೆ ‘ಕೆ.ವೈ.’ ಈಗ ಹುಡುಗರು ಗುಡ್ ನೈಟ್‌ಗೆ ‘ಜಿಎನ್’ ಅಂತ ಕಳಿಸುವುದಿಲ್ವಾ, ಹಾಗೆ. ಆ ಗುಂಪಿನಲ್ಲಿ ಉಳಿದವೆಲ್ಲ ಸತ್ತವು, ಒಂದು ಮಾತ್ರ ಬದುಕಿತು.

ಒಂದು ಸಣ್ಣ ವಿಷಯ. ಮಾರ್ಚ್ 23ರ ಆ ಸಾಲಿನಲ್ಲಿ ‘ಓಲ್ ಕೊರೆಕ್ಟ್’ ಅಂತ ಇಲ್ಲ. ಎರಡಕ್ಷರದ ಪಕ್ಕದಲ್ಲಿ ಇರುವುದು ಶುದ್ಧ ಸ್ಪೆಲಿಂಗಿನ ‘ಆಲ್ ಕರೆಕ್ಟ್’. ತಪ್ಪು ಸ್ಪೆಲಿಂಗನ್ನು ಓದುವವರೇ ಊಹಿಸಿಕೊಳ್ಳಬೇಕಿತ್ತು. ಪಾಠದಲ್ಲಿ ಇದನ್ನು ಸರಿಯಾಗಿಯೇ ಹೇಳಿ.

ಫ್ರಾನ್ಸಿಸ್, ಯಲ್ಲಾಪುರ

ಇಲ್ಲಿಯವರೆಗೆ ಓದಿದೆ. ಗ್ರೀಕ್ ಕಥೆ, ಟೆಲಿಗ್ರಾಫ್ ಕಥೆ ಬಿದ್ದಿದ್ದು ಸರಿ. ಆದರೆ ಆಫ್ರಿಕಾದ ಕಥೆಯನ್ನು ಅದೇ ಬುಟ್ಟಿಗೆ ಹಾಕಬೇಡಿ.

ಡೇವಿಡ್ ಡಾಲ್ಬಿ ಎಂಬ ಬ್ರಿಟಿಷ್ ಭಾಷಾಶಾಸ್ತ್ರಜ್ಞರು 1960ರ ದಶಕದ ಕೊನೆಯಲ್ಲಿ ಒಂದು ಮಾತು ಹೇಳಿದರು. ಸೆನೆಗಲ್, ಗ್ಯಾಂಬಿಯಾ ಕಡೆಯ ವೊಲೊಫ್ ಭಾಷೆಯಲ್ಲಿ ‘ವಾವ್’ ಅಂದರೆ ಹೌದು. ಅದಕ್ಕೆ ಒತ್ತು ಕೊಡಲು ‘ಕೇ’ ಸೇರಿಸುತ್ತಾರೆ. ‘ವಾವ್ ಕೇ’. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಹೋದವರ ಬಾಯಲ್ಲಿ ಇದು ಅಮೆರಿಕಕ್ಕೆ ಬಂದಿರಬೇಕು ಅನ್ನುವುದು ಅವರ ವಾದ. 1784ರಲ್ಲಿ ಲಂಡನ್‌ನಲ್ಲಿ ಅಚ್ಚಾದ ಸ್ಮಿತ್ ಎಂಬ ಪ್ರವಾಸಿಯ ಪುಸ್ತಕದಲ್ಲಿ ಒಬ್ಬ ಗುಲಾಮ ತನ್ನ ಧಣಿಗೆ ಉತ್ತರ ಕೊಡುತ್ತಾನೆ. ಮೊದಲ ಮಾತೇ ‘ಕೇ, ಮಾಸಾ’. ನಿಮ್ಮ ಬಾಸ್ಟನ್ ಪತ್ರಿಕೆಗಿಂತ 55 ವರ್ಷ ಹಿಂದೆ.

ನಾನು ಸಿದ್ದಿ ಸಮುದಾಯದವನು. ನಮ್ಮ ಹಿರಿಯರು ಬಂದಿದ್ದು ಹೆಚ್ಚಾಗಿ ಪೂರ್ವ ಆಫ್ರಿಕಾ ಕಡೆಯಿಂದ, ಪೋರ್ಚುಗೀಸರ ಗೋವಾ ದಾರಿಯಾಗಿ. ವೊಲೊಫ್ ನಮ್ಮ ಭಾಷೆಯಲ್ಲ. ಹಾಗಾಗಿ ‘ನಮ್ಮದು’ ಅನ್ನುವ ಹಟದಿಂದ ಇದನ್ನು ಹೇಳುತ್ತಿಲ್ಲ. ಆದರೆ ನನಗೆ ಒಂದು ಗೊತ್ತು. ನಮ್ಮ ಅಜ್ಜಿಯರು ಆಡುತ್ತಿದ್ದ ಎಷ್ಟೋ ಮಾತನ್ನು ಯಾರೂ ಬರೆದಿಡಲಿಲ್ಲ. ಬರೆಯಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಸೌತ್ ಕೆರೊಲಿನಾದಲ್ಲಿ 1740ರಷ್ಟು ಹಿಂದೆಯೇ ಗುಲಾಮರಿಗೆ ಬರೆಯಲು ಕಲಿಸುವುದು ಅಪರಾಧ ಅಂತ ಕಾನೂನು ಮಾಡಿದ್ದರು. ಬರೆಯಲು ಬಿಡದೆ, ಆಮೇಲೆ ‘ಬರಹದಲ್ಲಿ ಪುರಾವೆ ಎಲ್ಲಿ’ ಅಂತ ಕೇಳುವುದು ನ್ಯಾಯವಾ?

ಇತಿಹಾಸದ ಮೇಷ್ಟ್ರು, ಮೈಸೂರು

ಫ್ರಾನ್ಸಿಸ್ ಅವರ ಮಾತಿಗೆ ತೂಕ ಇದೆ. ಕನ್ನಡದಲ್ಲೇ ನೋಡಿ. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಕನ್ನಡ ಆವತ್ತೇ ಹುಟ್ಟಿತು ಅಂತ ಯಾರೂ ಹೇಳಲ್ಲ. ಕಲ್ಲಿನಲ್ಲಿ ಕೆತ್ತುವುದಕ್ಕೆ ಮುಂಚೆ ಜನ ಎಷ್ಟೋ ಕಾಲದಿಂದ ಆಡುತ್ತಿದ್ದರು. ಮೊದಲ ಪುರಾವೆಯ ತಾರೀಖು ಬೇರೆ, ಹುಟ್ಟಿದ ತಾರೀಖು ಬೇರೆ. ಟೀಚರ್, ‘ಓಕೆ ಹುಟ್ಟಿದ್ದು 1839ರ ಮಾರ್ಚ್ 23ಕ್ಕೆ’ ಅಂತ ಬೋರ್ಡಿನ ಮೇಲೆ ಬರೆಯಬೇಡಿ. ‘ಸಿಕ್ಕಿರುವ ಮೊದಲ ಅಚ್ಚು’ ಅಂತ ಬರೆಯಿರಿ.

ಚಾರ್ಲ್ಸ್ ನದಿ ದಂಡೆ, ಬಾಸ್ಟನ್

ಮೇಷ್ಟ್ರೇ, ಆ ವ್ಯತ್ಯಾಸ ಒಪ್ಪುತ್ತೇನೆ. ಆದರೆ ಹಲ್ಮಿಡಿಗೂ ಇದಕ್ಕೂ ಒಂದು ದೊಡ್ಡ ಫರಕು ಇದೆ. ಹಲ್ಮಿಡಿ ಶಾಸನದಲ್ಲಿ ಕನ್ನಡ ಪದಗಳ ಪಕ್ಕದಲ್ಲಿ ‘ಇದರ ಅರ್ಥ ಹೀಗೆ’ ಅಂತ ಕೆತ್ತಿಲ್ಲ. ಓದುವವರಿಗೆ ಆಗಲೇ ಗೊತ್ತಿತ್ತು. ಬಾಸ್ಟನ್ ಪತ್ರಿಕೆಯವನು ಎರಡಕ್ಷರ ಬರೆದು, ತಕ್ಷಣ ಪಕ್ಕದಲ್ಲೇ ಅರ್ಥ ಬರೆದ. ಯಾಕೆ? ಓದುವವರಿಗೆ ಗೊತ್ತಾಗುವುದಿಲ್ಲ ಅಂತ. ಅದೇ ವರ್ಷ ಅಕ್ಟೋಬರಿನಲ್ಲಿ ‘ಬಾಸ್ಟನ್ ಈವ್ನಿಂಗ್ ಟ್ರಾನ್ಸ್‌ಕ್ರಿಪ್ಟ್’ ಬ್ಯಾಂಕಿನ ಸುದ್ದಿಯಲ್ಲಿ ಇದನ್ನು ಬಳಸಿತು. ಫಿಲಡೆಲ್ಫಿಯಾದ ಬ್ಯಾಂಕುಗಳು ಹಣ ಕೊಡುವುದು ನಿಲ್ಲಿಸಿವೆ, ನಮ್ಮ ಕಡೆ ಎಲ್ಲಾ ಓ.ಕೆ. ಅನ್ನುವ ಅರ್ಥದಲ್ಲಿ. ಅಲ್ಲೂ ಬ್ರಾಕೆಟ್ಟಿನಲ್ಲಿ ‘ಆಲ್ ಕರೆಕ್ಟ್’ ಅಂತ ಕೊಟ್ಟಿದ್ದಾರೆ. ಏಳು ತಿಂಗಳಾದರೂ ಬಿಡಿಸಿ ಹೇಳಬೇಕಾಗಿತ್ತು. ಜನರ ಬಾಯಲ್ಲಿ ಮೊದಲೇ ಓಡಾಡುತ್ತಿದ್ದ ಪದಕ್ಕೆ ಹೀಗೆ ಮಾಡುವುದಿಲ್ಲ.

ಫ್ರಾನ್ಸಿಸ್, ನಿಮ್ಮ ಮುಖ್ಯ ಪ್ರಶ್ನೆ ನ್ಯಾಯವಾದದ್ದು. ಆದರೆ 1784ರ ಸಾಲನ್ನೇ ತೆಗೆದುಕೊಳ್ಳಿ. ಅಲ್ಲಿರುವುದು ‘ಕೇ’ ಮಾತ್ರ. ‘ಓ’ ಇಲ್ಲ. ಅದು ಒಪ್ಪಿಗೆಯ ಮಾತೋ, ಬರಿ ಉದ್ಗಾರವೋ ಅಂತಲೂ ಹೇಳಲಾಗುವುದಿಲ್ಲ. ಅಲ್ಲಿಂದ ಬಾಸ್ಟನ್‌ವರೆಗಿನ 55 ವರ್ಷದಲ್ಲಿ ನಡುವೆ ಒಂದು ಕೊಂಡಿಯಾದರೂ ಬೇಕಲ್ವಾ? ಇನ್ನೊಂದು. ಆಡುಮಾತಿನಿಂದ ಬಂದಿದ್ದರೆ ಮೊದಮೊದಲು ಕೇಳಿದ ಹಾಗೆ ಬರೆಯುತ್ತಿದ್ದರು. ಬೇರೆ ಬೇರೆಯವರು ಬೇರೆ ಬೇರೆ ಸ್ಪೆಲಿಂಗಿನಲ್ಲಿ. ಇಲ್ಲಿ ಶುರುವಿನಿಂದಲೂ ಚುಕ್ಕಿ ಇಟ್ಟ ಎರಡು ಅಕ್ಷರ. ಅದು ಕಾಗದದ ಮೇಲೆ ಹುಟ್ಟಿದ ಪದದ ಗುರುತು.

ಅನಿತಾ, ಒಕ್ಲಹೋಮ

ಇಲ್ಲಿಂದ ಒಂದು ಮಾತು. ನಾನಿರುವ ರಾಜ್ಯದ ಹೆಸರೇ ಚಾಕ್ಟಾ ಭಾಷೆಯದು. ‘ಒಕ್ಲಾ’ ಅಂದರೆ ಜನ, ‘ಹುಮ್ಮಾ’ ಅಂದರೆ ಕೆಂಪು. ಆ ಭಾಷೆಯಲ್ಲಿ ‘ಒಕೆ’ ಅಂತ ಕೇಳಿಸುವ ಒಂದು ಮಾತು ಇದೆ, ‘ಅದು ಹಾಗೇ’ ಅಂತ ಒತ್ತಿ ಹೇಳುವುದಕ್ಕೆ. 1885ರಲ್ಲಿ ಒಬ್ಬರು ಪತ್ರಿಕೆಯಲ್ಲಿ ಇದನ್ನು ಬರೆದ ಮೇಲೆ ಬಹಳ ಜನ ನಂಬಿದರು. ಅಧ್ಯಕ್ಷ ವುಡ್ರೋ ವಿಲ್ಸನ್ ಕಡತಗಳ ಮೇಲೆ ಅದೇ ಸ್ಪೆಲಿಂಗಿನಲ್ಲಿ (okeh) ಬರೆಯುತ್ತಿದ್ದರು. 1918ರಲ್ಲಿ ಶುರುವಾದ ‘ಓಕೆ ರೆಕಾರ್ಡ್ಸ್’ ಎಂಬ ಗ್ರಾಮಫೋನ್ ಕಂಪನಿಯ ಹೆಸರಿನಲ್ಲೂ ಅದೇ ಸ್ಪೆಲಿಂಗ್.

ಫ್ರಾನ್ಸಿಸ್ ಹೇಳಿದ ನೋವು ಇಲ್ಲೂ ಇದೆ. 1830ರ ದಶಕದಲ್ಲಿ ಈ ಜನರನ್ನು ಮಿಸಿಸಿಪ್ಪಿ ಕಡೆಯ ಅವರ ನೆಲದಿಂದ ಎಬ್ಬಿಸಿ ಇಲ್ಲಿಗೆ ಓಡಿಸಿದರು. ದಾರಿಯಲ್ಲೇ ಸಾವಿರಾರು ಜನ ಸತ್ತರು. ಆದರೂ ಈ ಪದದ ವಿಷಯದಲ್ಲಿ ನಾನು ಬಾಸ್ಟನ್ ಕಡೆಗೇ. ಚಾಕ್ಟಾದಿಂದ ಬಂದಿದ್ದರೆ ಮೊದಲು ದಕ್ಷಿಣದ ಗಡಿ ಊರುಗಳಲ್ಲಿ, ವ್ಯಾಪಾರಿಗಳ ಪತ್ರಗಳಲ್ಲಿ ಕಾಣಬೇಕಿತ್ತು. ಕಂಡಿದ್ದು ಬಾಸ್ಟನ್‌ನಲ್ಲಿ.

ನಂಜುಂಡ, ನಂಜನಗೂಡು

ಹಾಗಾದರೆ ಆ ಜಾಕ್ಸನ್ ಸ್ಪೆಲಿಂಗ್ ಕಥೆ? ಅವರ ಕೈಬರಹದ ದಾಖಲೆಯೇ ಇದೆ ಅಂತ ಆ ಮೆಸೇಜಿನಲ್ಲಿದೆ. 1790ರದ್ದು ಅಂತೆ. ಅದು ನಿಜವಾದರೆ ಬಾಸ್ಟನ್ ಲೆಕ್ಕ ಎಲ್ಲಾ ಉಲ್ಟಾ ಆಗುತ್ತದಲ್ಲ.

ಇತಿಹಾಸದ ಮೇಷ್ಟ್ರು, ಮೈಸೂರು

ಒಳ್ಳೆ ಪ್ರಶ್ನೆ ನಂಜುಂಡ. ಅದು ಟೆನೆಸ್ಸಿಯ ಸಮ್ನರ್ ಕೌಂಟಿಯ ಕೋರ್ಟ್ ದಾಖಲೆ. ಒಂದು ಕ್ರಯಪತ್ರವನ್ನು ಜಾಕ್ಸನ್ ಕೋರ್ಟಿನ ಮುಂದೆ ರುಜುವಾತು ಮಾಡಿದ್ದರ ಬಗ್ಗೆ ಬರೆದಿರುವ ಸಾಲು. ಕೊನೆಯಲ್ಲಿ ಎರಡು ಅಕ್ಷರ. ಬಹಳ ಕಾಲ ಅದನ್ನು ‘ಓ.ಕೆ.’ ಅಂತಲೇ ಓದಿದರು. ಆಮೇಲೆ ಸರಿಯಾಗಿ ನೋಡಿದರೆ ಅದು ‘ಓ.ಆರ್.’ ‘ಆರ್ಡರ್ಡ್ ರೆಕಾರ್ಡೆಡ್’, ಅಂದರೆ ದಾಖಲು ಮಾಡಿಕೊಳ್ಳಲು ಆದೇಶವಾಗಿದೆ ಅಂತ. ಕೋರ್ಟಿನಲ್ಲಿ ದಿನಾ ಬರೆಯುವ ಮಾತು. ಹಳೆಯ ಕೈಬರಹದಲ್ಲಿ ಆರ್ ಅಕ್ಷರದ ಕಾಲು ಸ್ವಲ್ಪ ಚಾಚಿಕೊಂಡರೆ ಕೆ ಥರ ಕಾಣುತ್ತದೆ. ನಮ್ಮ ಹಳೆಯ ಕಡತಗಳ ಮೋಡಿ ಅಕ್ಷರ ಓದಿದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಬೇಕಾದ ಅಕ್ಷರ ಮನಸ್ಸಿನಲ್ಲಿದ್ದರೆ ಕಣ್ಣಿಗೂ ಅದೇ ಕಾಣುತ್ತದೆ.

ಜಾಕ್ಸನ್‌ಗೆ ಸ್ಪೆಲಿಂಗ್ ಬರಲ್ಲ ಅನ್ನುವ ಕಥೆ ಹುಟ್ಟಿದ್ದು 1840ರ ಚುನಾವಣೆಯಲ್ಲಿ. ಈ ಪದ ಬದುಕಿ ಉಳಿದಿದ್ದೂ ಆ ಚುನಾವಣೆಯಿಂದಲೇ. ಆಗ ಅಧ್ಯಕ್ಷರಾಗಿದ್ದವರು ಮಾರ್ಟಿನ್ ವ್ಯಾನ್ ಬ್ಯೂರೆನ್, ಜಾಕ್ಸನ್ ಅವರ ಶಿಷ್ಯ. ಮತ್ತೆ ಗೆಲ್ಲಲು ನಿಂತಿದ್ದರು. ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಬೆಂಬಲಿಗರು ಅವರನ್ನು ‘ಓಲ್ಡ್ ಕಿಂಡರ್‌ಹುಕ್’ ಅಂತ ಕರೆದರು. ಮೊದಲಕ್ಷರ ನೋಡಿ! ಆಗಲೇ ಪತ್ರಿಕೆಗಳಲ್ಲಿ ಆಡುತ್ತಿದ್ದ ತಮಾಷೆಯ ಅಕ್ಷರಗಳು ಅವರಿಗೆ ಪುಕ್ಕಟೆ ಘೋಷಣೆಯಾಗಿ ಸಿಕ್ಕವು. 1840ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ‘ಓ.ಕೆ. ಕ್ಲಬ್’ ಶುರುವಾಯಿತು. ನಮ್ಮ ನಾಯಕ ಓ.ಕೆ., ಆದ್ದರಿಂದ ಎಲ್ಲಾ ಓ.ಕೆ.

ಎದುರಾಳಿ ವಿಗ್ ಪಕ್ಷದವರು ಸುಮ್ನೆ ಕೂರಲಿಲ್ಲ. ಈ ಅಕ್ಷರ ಜಾಕ್ಸನ್ ಕಲಿಸಿದ್ದು, ಆತನಿಗೆ ‘ಆಲ್ ಕರೆಕ್ಟ್’ ಬರೆಯಲೂ ಬರುತ್ತಿರಲಿಲ್ಲ ಅಂತ ಹಬ್ಬಿಸಿದರು. ದೇಶದಲ್ಲಿ 1837ರಿಂದ ಹಣಕಾಸಿನ ಮುಗ್ಗಟ್ಟು. ಹಾಗಾಗಿ ‘ಔಟ್ ಆಫ್ ಕ್ಯಾಶ್’ ಅನ್ನುವುದನ್ನು ಕೆ ಅಕ್ಷರದಿಂದ ಬರೆದು ಅಣಕಿಸಿದರು. ‘ಆರ್ಫುಲ್ ಕಲಾಮಿಟಿ’, ಅಂದರೆ ಭಯಂಕರ ವಿಪತ್ತು, ಅಂತಲೂ ಬಿಡಿಸಿದರು. ಕೊನೆಗೆ ವ್ಯಾನ್ ಬ್ಯೂರೆನ್ ಸೋತರು. 60 ಮತಕ್ಕೆ 234, ಎಲೆಕ್ಟೊರಲ್ ಮತಗಳ ಲೆಕ್ಕದಲ್ಲಿ. ನಾಯಕ ಮನೆಗೆ ಹೋದರು. ಆದರೆ ಹೊಗಳುವವರು, ಬೈಯುವವರು ಎಲ್ಲರೂ ಸೇರಿ ಒಂದು ವರ್ಷ ಕೂಗಾಡಿದ್ದರಿಂದ ಬಾಸ್ಟನ್‌ನ ಪತ್ರಿಕೆಯವರ ತಮಾಷೆ ಇಡೀ ದೇಶದ ಕಿವಿಗೆ ಬಿತ್ತು.

ಮಂಗಳೂರು ನಾವಿಕ

ಇದು ನನಗೆ ಹೊಸ ವಿಷಯ ಮೇಷ್ಟ್ರೇ. ಅಂದರೆ ಕಥೆಗಳಲ್ಲಿ ಕೆಲವನ್ನು ಅದೇ ಕಾಲದಲ್ಲಿ, ಅದೇ ಜನ, ಬೇಕಂತಲೇ ಕಟ್ಟಿದ್ದು.

ಇತಿಹಾಸದ ಮೇಷ್ಟ್ರು, ಮೈಸೂರು

ಹೌದು. ರೀಡ್ ಅವರ ಕೆಲಸ ದೊಡ್ಡದು ಅನ್ನಿಸುವುದು ಅದಕ್ಕೇ. ಜಾಕ್ಸನ್ ಕಥೆ ಜನರ ಬಾಯಿಗೆ ಬಂದು ನೂರು ವರ್ಷ ಆಗಿತ್ತು. ಅವರು ಹಳೆಯ ಪತ್ರಿಕೆಗಳನ್ನು ದಿನ ದಿನ ಹಿಂದಕ್ಕೆ ತಿರುವುತ್ತಾ ಹೋದರು. 1941ರಲ್ಲೇ ಓ.ಕೆ. ಕ್ಲಬ್ಬಿನ ಜಾಡು ಬರೆದಿದ್ದರು. ಅಲ್ಲಿಗೆ ನಿಲ್ಲಿಸಲಿಲ್ಲ. 20 ವರ್ಷಕ್ಕೂ ಜಾಸ್ತಿ ಆದಮೇಲೆ ಕ್ಲಬ್ಬಿಗಿಂತ ಒಂದು ವರ್ಷ ಹಿಂದಿನ ಬಾಸ್ಟನ್ ಸಾಲನ್ನು ಮುಂದಿಟ್ಟರು. ಆಗ ಕಂಪ್ಯೂಟರಿನಲ್ಲಿ ಪದ ಹುಡುಕುವ ಸೌಕರ್ಯ ಇರಲಿಲ್ಲ. ಕಣ್ಣಿನಿಂದ ಓದಬೇಕಿತ್ತು, ಸಣ್ಣ ಅಚ್ಚಿನ ಕಾಲಂಗಳನ್ನು.

ಒಂದು ಹೋಲಿಕೆಗೆ ಹೇಳುತ್ತೇನೆ. 1839ರಲ್ಲಿ ಕನ್ನಡದಲ್ಲಿ ಪತ್ರಿಕೆಯೇ ಇರಲಿಲ್ಲ. ಮಂಗಳೂರಿನಲ್ಲಿ ಮೊಗ್ಲಿಂಗ್ ಅವರು ‘ಮಂಗಳೂರು ಸಮಾಚಾರ’ ಶುರು ಮಾಡಿದ್ದು 1843ರಲ್ಲಿ. ಆ ಕಾಲದ ನಮ್ಮ ಸಂತೆ ಮಾತು, ತಮಾಷೆ ಮಾತು ಎಷ್ಟು ಹೋಗಿವೆಯೋ. ಫ್ರಾನ್ಸಿಸ್ ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳದೆ ಇರುವುದು ಇದಕ್ಕೇ.

ಫ್ರಾನ್ಸಿಸ್, ಯಲ್ಲಾಪುರ

ಮೇಷ್ಟ್ರೇ, ಧನ್ಯವಾದ. ಬಾಸ್ಟನ್ ಅಣ್ಣ ಹೇಳಿದ ಒಂದು ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಪಕ್ಕದಲ್ಲಿ ಅರ್ಥ ಬರೆದಿದ್ದಾರೆ ಅನ್ನುವುದು. ಅದು ಗಟ್ಟಿ ವಾದ. ಆ ಎರಡು ಅಕ್ಷರದ ರೂಪ ಬಾಸ್ಟನ್ ಪತ್ರಿಕೆಯದೇ ಅಂತ ಒಪ್ಪುತ್ತೇನೆ.

ಆದರೂ ಒಂದು ಪ್ರಶ್ನೆ ಉಳಿಯಿತು. ಅದೇ ಥರದ ‘ಓ.ಡಬ್ಲ್ಯು.’, ‘ಕೆ.ಜಿ.’ ಎಲ್ಲಾ ಸತ್ತವು ಅಂದಿರಿ. ಇದೊಂದೇ ಯಾಕೆ ಬದುಕಿತು? ಚುನಾವಣೆ ಒಂದು ಕಾರಣ. ಆದರೆ ಚುನಾವಣೆ ಘೋಷಣೆಗಳು ಎಣಿಕೆ ಮುಗಿದ ಮಾರನೇ ದಿನ ಸಾಯುತ್ತವೆ. ದಕ್ಷಿಣದ ತೋಟಗಳಲ್ಲಿ ಲಕ್ಷಗಟ್ಟಲೆ ಜನ ‘ವಾವ್ ಕೇ’ ಥರದ ಮಾತನ್ನು ಮೊದಲೇ ಆಡುತ್ತಿದ್ದರೆ, ಹೊಸ ಪದ ಅವರ ಬಾಯಿಗೆ ತಕ್ಷಣ ಕೂತಿರಬಹುದಲ್ವಾ? ಮಂಗಳೂರಿನವರ ಗ್ರೀಕ್ ಗೆಳೆಯರಿಗೆ ಹಿಡಿಸಿದ ಹಾಗೆ. ಹುಟ್ಟು ಬಾಸ್ಟನ್‌ನದ್ದೇ ಇರಲಿ. ಬೆಳೆಸಿದವರು ಯಾರು ಅನ್ನುವುದನ್ನು ಪತ್ರಿಕೆ ಹೇಳುವುದಿಲ್ಲ.

ಚಾರ್ಲ್ಸ್ ನದಿ ದಂಡೆ, ಬಾಸ್ಟನ್

ಈ ರೂಪದಲ್ಲಿ ಕೇಳಿದರೆ ನನ್ನ ಹತ್ತಿರ ‘ಇಲ್ಲ’ ಅನ್ನಲು ಏನೂ ಇಲ್ಲ. ಆದರೆ ‘ಹೌದು’ ಅನ್ನಲೂ ಪುರಾವೆ ಬೇಕು. 1840ರಿಂದ ಈಚೆಗೆ ದಕ್ಷಿಣದ ಪತ್ರಗಳಲ್ಲಿ, ಬಿಡುಗಡೆಯಾದ ಗುಲಾಮರು ಹೇಳಿ ಬರೆಸಿದ ಕಥನಗಳಲ್ಲಿ ಈ ಪದ ಹೇಗೆ ಬರುತ್ತದೆ ಅಂತ ಹುಡುಕಬೇಕು. ಹುಟ್ಟು ಹುಡುಕುವುದಕ್ಕಿಂತ ಇದು ಒಳ್ಳೆಯ ಕೆಲಸ ಅನ್ನಿಸುತ್ತದೆ ನನಗೆ.

ಬದುಕಿದ್ದಕ್ಕೆ ನನಗೆ ಕಾಣುವ ಕಾರಣ ಅದರ ಕೆಲಸ. ‘ಕೆ.ಜಿ.’ ಬರೀ ತಮಾಷೆ. ‘ಓ.ಕೆ.’ಯನ್ನು ಸಾಮಾನು ಪೆಟ್ಟಿಗೆ ಮೇಲೆ, ಲೆಕ್ಕದ ಪುಸ್ತಕದಲ್ಲಿ, ರಾಮಣ್ಣ ಸರ್ ಹೇಳಿದ ತಂತಿಯಲ್ಲಿ ಬರೆಯಬಹುದಿತ್ತು. ‘ಚೆನ್ನಾಗಿದೆ’ ಅಂತ ಹೊಗಳುವುದಿಲ್ಲ, ‘ಕೆಟ್ಟದ್ದು’ ಅಂತ ತೆಗಳುವುದಿಲ್ಲ. ನೋಡಿದ್ದೇನೆ, ತೊಂದರೆ ಇಲ್ಲ, ಮುಂದೆ ಹೋಗಿ ಅಂತ ಮಾತ್ರ ಹೇಳುತ್ತದೆ. 1969ರ ಜುಲೈನಲ್ಲಿ ಚಂದ್ರನ ಮೇಲೆ ನೌಕೆ ಇಳಿದ ಕ್ಷಣದ ಮಾತು ಕೇಳಿ ನೋಡಿ. ಕಾಲು ನೆಲ ಮುಟ್ಟಿದ ದೀಪ ಹತ್ತಿತು ಅಂತ ಆಲ್ಡ್ರಿನ್ ಹೇಳುತ್ತಾರೆ, ‘ಶಟ್‌ಡೌನ್’ ಅಂತ ಆರ್ಮ್‌ಸ್ಟ್ರಾಂಗ್, ಮತ್ತೆ ಆಲ್ಡ್ರಿನ್, ‘ಓಕೆ, ಎಂಜಿನ್ ಸ್ಟಾಪ್’. ಸಂಭ್ರಮ ಇಲ್ಲ. ಒಂದೊಂದೇ ಕೆಲಸ ಮುಗಿಸಿ ಗುರುತು ಹಾಕುತ್ತಾ ಹೋಗುವ ಪದ.

ರಾಮಣ್ಣ, ನಿವೃತ್ತ ಗಾರ್ಡ್, ಹುಬ್ಬಳ್ಳಿ

ಇದು ಖರೆ ಮಾತು. ಬಾವುಟ ತೋರಿಸುವಾಗ ನಾವೂ ಗಾಡಿ ಚಂದ ಐತಿ ಅಂತ ಹೇಳುತ್ತಿರಲಿಲ್ಲ. ಹೋಗಬಹುದು ಅಂತ ಅಷ್ಟೇ.

ವಸುಧಾ ಟೀಚರ್, ಶಿವಮೊಗ್ಗ

ಎಲ್ಲರ ಮಾತೂ ಬರೆದುಕೊಂಡೆ. ಪಾಠ ಹೀಗೆ ಮಾಡುತ್ತೇನೆ. ಮೊದಲು ಆ ವಾಟ್ಸಾಪ್ ಕಥೆಗಳನ್ನೇ ಕೊಟ್ಟು, ಪ್ರತಿಯೊಂದರ ಮುಂದೆ ಇಸವಿ ಬರೆಯಲು ಹೇಳುತ್ತೇನೆ. 1839ಕ್ಕಿಂತ ಈಚಿನವು ಯಾವುವು ಅಂತ ಮಕ್ಕಳೇ ಹೊಡೆದು ಹಾಕಲಿ. ಟೆಲಿಗ್ರಾಫ್, ಬಿಸ್ಕತ್ತು, ಯುದ್ಧ ಅಲ್ಲೇ ಹೋಗುತ್ತವೆ. ಆಮೇಲೆ ಕೋರ್ಟಿನ ‘ಓ.ಆರ್.’ ಕಥೆ. ಕೈಬರಹದಲ್ಲಿ ಬರೆದು ತೋರಿಸಿ, ಏನು ಓದುತ್ತೀರಿ ಅಂತ ಕೇಳುತ್ತೇನೆ. ಚಾಕ್ಟಾ, ಆಫ್ರಿಕಾ ಎರಡನ್ನೂ ಹೊಡೆದು ಹಾಕುವುದಿಲ್ಲ. ಬೇರೆ ಕಾಲಂನಲ್ಲಿ ಇಡುತ್ತೇನೆ.

ಫ್ರಾನ್ಸಿಸ್, ಆ ಕಾಲಂಗೆ ಏನು ಹೆಸರು ಕೊಡಲಿ? ‘ಪುರಾವೆ ಇಲ್ಲದ್ದು’ ಅಂತ ಬರೆಯಲು ಮನಸ್ಸಿಲ್ಲ.

ಫ್ರಾನ್ಸಿಸ್, ಯಲ್ಲಾಪುರ

‘ಪುರಾವೆ ಇನ್ನೂ ಸಿಕ್ಕಿಲ್ಲದ್ದು’ ಅಂತ ಬರೆಯಿರಿ ಟೀಚರ್. 1784ರ ಆ ಸಾಲನ್ನೂ ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಆ ಮಾತು ಆಡಿದವನ ಹೆಸರು ನನಗೆ ಎಲ್ಲೂ ಕಂಡಿಲ್ಲ. ಮಾತು ಇದೆ. ಅವನು ದೋಣಿಯಲ್ಲಿ ನಿದ್ದೆ ಹೋಗಿದ್ದಕ್ಕೆ ಸಮಜಾಯಿಷಿ ಕೊಡುತ್ತಿದ್ದಾನೆ. ಮೀನು ತಾನಾಗಿಯೇ ದೋಣಿಗೆ ಹಾರಿತು ಅಂತ ಖುಷಿಯಿಂದ ಹೇಳುತ್ತಾನೆ. ಮಕ್ಕಳಿಗೆ ಹಿಡಿಸುತ್ತದೆ.

ವಸುಧಾ ಟೀಚರ್, ಶಿವಮೊಗ್ಗ

ಓದಿಸುತ್ತೇನೆ. ಸೋಮವಾರ ಎರಡನೇ ಪೀರಿಯಡ್. ಬಾಸ್ಟನ್‌ನವರೇ, ಆ ಮಾರ್ಚ್ 23ರ ಪುಟದ ಚಿತ್ರ ನಿಮ್ಮ ಕಡೆಯ ಲೈಬ್ರರಿಯಲ್ಲಿ ಸಿಕ್ಕರೆ ಅಷ್ಟರೊಳಗೆ ಕಳಿಸಿ, ಪ್ರಿಂಟ್ ತೆಗೆಸುತ್ತೇನೆ.

ಚಾರ್ಲ್ಸ್ ನದಿ ದಂಡೆ, ಬಾಸ್ಟನ್

ಶನಿವಾರ ಹೋಗಿ ಕೇಳುತ್ತೇನೆ ಟೀಚರ್. ಅಕ್ಟೋಬರಿನ ‘ಟ್ರಾನ್ಸ್‌ಕ್ರಿಪ್ಟ್’ ಪುಟವೂ ಸಿಕ್ಕರೆ ಸೇರಿಸಿ ಕಳಿಸುತ್ತೇನೆ.